ಒಂದು ರೈಲು, ಆರು ಕಂಟ್ರೋಲು

ಶಿಡ್ಲಘಟ್ಟದ ನಮ್ಮ ಮಾವನಷ್ಟು ಜಾಗ್ರತೆಯ ಮನುಷ್ಯ ಇಡೀ ಮೈಸೂರು ರಾಜ್ಯದಲ್ಲಿ ಇನ್ನೊಬ್ಬರಿರಲಿಲ್ಲ. ಬೇಕಾದರೆ ಪಂದ್ಯ ಕಟ್ಟುತ್ತೇನೆ! ಅವರ ಹತ್ತಿರ ಇದ್ದದ್ದು ಒಂದೇ ಒಂದು ರೈಲು. ಅದೂ ನಿಜವಾದ ರೈಲಲ್ಲ, ಹಳಿಯ ಮೇಲೆ ನಿಲ್ಲಿಸಿದರೆ ನನ್ನ ಕಾಲಿನ ಹರಡಿಗೂ ಬಾರದ ಆಟದ ರೈಲು. ಆದರೆ ಆ ರೈಲನ್ನು ಓಡಿಸುವ, ನಿಲ್ಲಿಸುವ, ಹಿಂದಕ್ಕೆ ತಿರುಗಿಸುವ ಕಂಟ್ರೋಲ್ ಪೆಟ್ಟಿಗೆಗಳು ಆರು! ಒಂದು ಕೆಲಸಕ್ಕೆ, ಐದು ಜಾಗ್ರತೆಗೆ. ಇರುವ ಒಂದು ಎತ್ತಿಗೆ ಆರು ಮೂಗುದಾರ ಹೊಸೆದಿಟ್ಟುಕೊಂಡ ರೈತನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರ ಮನೆಯಲ್ಲೇ ಊಟ ಮಾಡಿಕೊಂಡಿದ್ದೆ.

ನಿಮ್ಮನ್ನು ನಗಿಸಬೇಕೆಂದೇ ಬರೆಯಲು ಕೂತಿದ್ದೇನೆ. ಆದರೂ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಐದು ಜಾಗ್ರತೆಗಳಲ್ಲಿ ಒಂದು, ಆಯುಧಪೂಜೆಯ ಮಧ್ಯಾಹ್ನ, ನನ್ನ ಕಣ್ಣೆದುರಿಗೇ ಮಾವನ ಪ್ರಾಣ ತೆಗೆಯುವುದರಲ್ಲಿತ್ತು. ಅದಾಗಿ ವರ್ಷಗಳೇ ಕಳೆದಿವೆ. ಈಗಲೂ ಸ್ವಿಚ್ಚಿನ ಮೇಲೆ ಕೈಯಿಡುವ ಮೊದಲು ನನ್ನ ಪಾದ ಒಣಗಿದೆಯೇ ಎಂದು ಬಗ್ಗಿ ನೋಡಿಕೊಳ್ಳುತ್ತೇನೆ.

ಮಾವ ಅಂದರೆ ನನ್ನ ತಂದೆಯ ತಂಗಿಯ ಗಂಡ. ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಶಿಡ್ಲಘಟ್ಟದ ಹೆಣ್ಣುಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಬಂದಾಗ ಉಳಿದುಕೊಂಡದ್ದು ಅವರ ಮನೆಯಲ್ಲಿ. ಇದ್ದ ಒಬ್ಬ ಮಗಳನ್ನು ಮದುವೆ ಮಾಡಿ ಕಳಿಸಿದ್ದರು. ಮನೆಯಲ್ಲಿ ಮಾವ, ಅತ್ತೆ, ನಾನು, ಮತ್ತೆ ರೈಲು. ಮಾವನಿಗೆ ಮೇಲೂರಿನಲ್ಲಿ ಹಿಪ್ಪುನೇರಳೆ ತೋಟವಿತ್ತು. ಮನೆಯ ಹಿತ್ತಲಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕೊಠಡಿಯಿತ್ತು. ಅವರಿಗೇನೂ ತಲೆ ಕೆಟ್ಟಿರಲಿಲ್ಲ, ತಪ್ಪು ತಿಳಿಯಬೇಡಿ! ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿರುವ ಹುಳದ ಯೋಗಕ್ಷೇಮ ಹೇಳಬಲ್ಲ ಮನುಷ್ಯ. ವ್ಯಾಪಾರದಲ್ಲಿ ಅವರಿಗೆ ಟೋಪಿ ಹಾಕಿದವರನ್ನು ನಾನು ನೋಡಲಿಲ್ಲ.

ಅತ್ತೆಯ ತವರು, ಅಂದರೆ ನಮ್ಮೂರು, ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿ. ಅಲ್ಲಿಯವರ ಬಾಯಲ್ಲಿ ಕನ್ನಡ, ತೆಲುಗು ಎರಡೂ ಒಟ್ಟಿಗೆ ವಾಸ ಮಾಡುತ್ತವೆ. ಅತ್ತೆ ಸಮಾಧಾನವಾಗಿದ್ದಾಗ ಕನ್ನಡ, ಗಾಬರಿಯಾದರೆ ತೆಲುಗು. ರೈಲು ಮನೆಗೆ ಬಂದ ರಾತ್ರಿ ಪೂರ್ತಿ ತೆಲುಗಂತೆ.

ಅದು ಬಂದದ್ದು ಹೀಗೆ. ಕೋಲಾರದ ಚಿನ್ನದ ಗಣಿಯಲ್ಲಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರು ತನ್ನ ದೇಶಕ್ಕೆ ವಾಪಸು ಹೊರಟಿದ್ದಾನೆ, ಮನೆಸಾಮಾನೆಲ್ಲ ಮಾರುತ್ತಾನೆ ಎಂದು ಸುದ್ದಿ ಬಂತು. "ನಿಂಗೊಂದು ಹೊಲಿಗೆ ಮಿಷನ್ ತರ್ತೀನಿ ಕಣೇ" ಎಂದು ಹೇಳಿ ಮಾವ ಹೋದರು. ಸಂಜೆ ಜಟಕಾದಿಂದ ಒಂದು ಮರದ ಪೆಟ್ಟಿಗೆ ಇಳಿಯಿತು. ಅತ್ತೆ ಆಸೆಯಿಂದ ಮುಚ್ಚಳ ತೆಗೆದು ನೋಡಿದರೆ ಒಂದು ಇಂಜಿನ್ನು, ಮೂರು ಡಬ್ಬಿ, ಕಟ್ಟು ಕಟ್ಟು ಹಳಿ!

"ಹೊಲಿಗೆ ಮಿಷನ್ ಎಲ್ರೀ?"

"ಅದು ಕೂತಲ್ಲೇ ಓಡುತ್ತೆ ಕಣೇ. ಇದು ಊರು ಸುತ್ತುತ್ತೆ!"

ಊರು ಸುತ್ತಲಿಲ್ಲ, ಮನೆ ಸುತ್ತಿತು. ನಡುಮನೆಯಲ್ಲಿ ಒಂದು ಸುತ್ತು ಹಾಕಿ, ಗೋಡೆಗೆ ಕೊರೆಸಿದ ತೂತಿನಲ್ಲಿ ನುಗ್ಗಿ, ಅಡಿಗೆಮನೆಯಲ್ಲಿ ಅತ್ತೆಯ ಒಲೆಯನ್ನು ಬಳಸಿಕೊಂಡು ಮತ್ತೆ ನಡುಮನೆಗೆ. ಆ ಗೋಡೆಯ ತೂತಿಗೆ ಮಾವ ಸುರಂಗವೆಂದು ಹೆಸರಿಟ್ಟರು. ಅತ್ತೆ ಇಟ್ಟ ಹೆಸರು ಹೆಗ್ಗಣದ ಬಿಲ.

ಈ ರೈಲಿನ ಜೊತೆಗೇ ಬಂದದ್ದು ಕಬ್ಬಿಣದ ಒಂದು ಕಪ್ಪು ಪೆಟ್ಟಿಗೆ. ಮೇಲೊಂದು ತಿರುಗಿಸುವ ಗುಬಟು, ಬಿಸಿ ಹೋಗಲೆಂದು ಸಣ್ಣ ಸಣ್ಣ ತೂತುಗಳು. ಮಾವ ಅದನ್ನು ಬಂದವರಿಗೆಲ್ಲ ವಿವರಿಸುತ್ತಿದ್ದ ರೀತಿಯನ್ನು ನಾನು ಆಮೇಲೆ ನನ್ನ ಕ್ಲಾಸಿನಲ್ಲೂ ಉಪಯೋಗಿಸಿದ್ದೇನೆ.

"ಗೋಡೆಯಿಂದ ಬರೋ ಕರೆಂಟು ಹುಲಿ ಕಣಪ್ಪ. ಈ ಪೆಟ್ಟಿಗೆ ಒಳಗೆ ಹೋಗಿ ಬೆಕ್ಕಾಗಿ ಆಚೆಗೆ ಬರುತ್ತೆ. ಹಳಿ ಮೇಲೆ ಓಡಾಡೋದು ಬೆಕ್ಕು. ಬೇಕಾದ್ರೆ ಮುಟ್ಟಿ ನೋಡಿ!" ಎಂದು ತಾವೇ ಎರಡು ಬೆರಳನ್ನು ಎರಡು ಹಳಿಗಳ ಮೇಲಿಟ್ಟು ತೋರಿಸುವರು. "ನೆಕ್ಕುತ್ತೆ ಅಷ್ಟೇ, ಕಚ್ಚಲ್ಲ."

ಇಷ್ಟಕ್ಕೇ ನಿಂತಿದ್ದರೆ ಮಾವನನ್ನು ಬರೀ ಶೋಕಿಯವರು ಎನ್ನಬಹುದಿತ್ತು. ಆದರೆ ಆ ಕಪ್ಪು ಪೆಟ್ಟಿಗೆಯನ್ನು ನೋಡಿದಷ್ಟೂ ಅವರಿಗೆ ಒಂದು ಚಿಂತೆ ಹತ್ತಿಕೊಂಡಿತು. ಇದು ಕೆಟ್ಟರೆ? ಇಂಜಿನ್ನು ಕೆಟ್ಟರೆ ಅನ್ನುವ ಚಿಂತೆ ಒಂದು ದಿನವೂ ಇಲ್ಲ! ಇನ್ನೊಂದು ಇಂಜಿನ್ನು ಇಟ್ಟುಕೊಳ್ಳಿ ಎಂದು ನಾನು ಹೇಳಿದ್ದಕ್ಕೆ ಅವರು ನನ್ನ ಬಿ.ಎಸ್ಸಿ.ಯನ್ನೇ ಅನುಮಾನದಿಂದ ನೋಡಿದರು.

"ಏನಮ್ಮಾ ನೀನು, ಓದಿದೋಳು! ಇಂಜಿನ್ ಕೆಟ್ರೆ ಏನಾಗುತ್ತೆ? ನಿಂತ್ಕೊಳುತ್ತೆ. ನಿಂತ ರೈಲಿಂದ ಯಾರಿಗೇನಮ್ಮ ತೊಂದ್ರೆ? ಕಂಟ್ರೋಲ್ ಕೆಟ್ರೆ ನಿಲ್ಸೋರು ಯಾರು?"

ಈ ಪ್ರಶ್ನೆಯನ್ನು ಅವರು ಶಿಡ್ಲಘಟ್ಟದ ನಿಜವಾದ ರೈಲಿನವರಿಗೂ ಕೇಳದೆ ಬಿಡಲಿಲ್ಲ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಹೋಗುವ ನಮ್ಮ ಸಣ್ಣ ಹಳಿಯ ರೈಲನ್ನು ನೋಡಿದವರಿಗೆ ಗೊತ್ತು, ಅದರ ವೇಗಕ್ಕೆ ಹೆದರಿ ಎಮ್ಮೆ ಕೂಡ ದಾರಿ ಬಿಡುತ್ತಿರಲಿಲ್ಲ. ಮಾವ ಸ್ಟೇಷನ್ನಿಗೆ ಹೋಗಿ ಡ್ರೈವರನ್ನು ಮಾತಾಡಿಸಿದರು.

"ಸ್ವಾಮಿ, ಆ ನಿಲ್ಸೋ ಹಿಡಿ ಕೆಟ್ಟೋದ್ರೆ ಜೊತೆಗೆ ಇನ್ನೊಂದು ಇಟ್ಕೊಂಡಿದೀರಾ?"

ಡ್ರೈವರು ಬೀಡಿ ತೆಗೆದು ಮಾವನನ್ನು ಮೇಲಿಂದ ಕೆಳಗೆ ನೋಡಿದ. "ಅಯ್ಯಾ, ಇದು ನಿಲ್ಲಲ್ಲ ಅಂತ ಯಾವನಿಗೆ ಭಯ? ಮತ್ತೆ ಹೊರಡಲ್ಲ ಅಂತ್ಲೇ ನಮಗೆ ದಿನಾ ಭಯ!"

ಮಾವನಿಗೆ ಈ ಉತ್ತರ ಸಮಾಧಾನ ತರಲಿಲ್ಲ. ಅಂದಿನಿಂದ ಎಲ್ಲಿಗೆ ಹೋದರೂ ಬಸ್ಸೇ. ಬಸ್ಸಿಗಾದರೆ ಎರಡೆರಡು ಬ್ರೇಕಿರುತ್ತವಂತೆ, ಕಾಲಿಗೊಂದು, ಕೈಗೊಂದು!

ಚಿಂತಾಮಣಿಯಲ್ಲಿ ರೇಡಿಯೋ ರಿಪೇರಿ ಮಾಡುವ ಸಾಬರೊಬ್ಬರಿದ್ದರು. ಮಾವ ಕಪ್ಪು ಪೆಟ್ಟಿಗೆಯನ್ನು ಒಯ್ದು ತೋರಿಸಿ, ಇದರಂತೆಯೇ ಇನ್ನೊಂದು ಕಟ್ಟಿಕೊಡಿ ಅಂದರು. ಸಾಬರು ತಾಮ್ರದ ತಂತಿ ಸುತ್ತಿ, ತಗಡಿನ ಮೈ ಮಾಡಿ, ಅಚ್ಚುಕಟ್ಟಾಗಿ ಕಟ್ಟಿಕೊಟ್ಟರು. ಮಾವ ಮತ್ತೆ ಹೋದರು. ಮತ್ತೊಂದು. ಮತ್ತೆ ಹೋದರು. ಕೊನೆಗೆ ಸಾಬರಿಗೇ ಸಂಕೋಚವಾಗಿ, "ಸ್ವಾಮಿ, ಇಷ್ಟು ಪೆಟ್ಟಿಗೆ ಸುಮ್ನೆ ಕೂತಿವೆಯಲ್ಲ ಪಾಪ, ಅವಕ್ಕೆ ಇನ್ನೊಂದು ರೈಲು ತಂದುಬಿಡಿ" ಅಂದರಂತೆ.

"ಬೇಡ ಸಾಬ್ರೇ, ಆಮೇಲೆ ಅದಕ್ಕೂ ಆರು ಮಾಡಿಸ್ಬೇಕಾಗುತ್ತೆ!"

ಹೀಗೆ ಆರಾದವು. ಮಾವ ರೈತರ ಮನೆಯವರಲ್ಲವೇ? ಸುಮ್ಮನೆ ಕಟ್ಟಿಹಾಕಿದ ಎತ್ತು ಕೆಲಸ ಮರೆಯುತ್ತದೆ ಎಂಬುದು ಅವರ ನಂಬಿಕೆ. ಆದ್ದರಿಂದ ಪೆಟ್ಟಿಗೆಗಳಿಗೆ ಸರದಿ. ಎತ್ತಿಗಿಡುವ ಹೆಸರುಗಳನ್ನೇ ಇಟ್ಟಿದ್ದರು. ಇಂಗ್ಲೆಂಡಿನಿಂದ ಬಂದ ಮೊದಲನೆಯವನು ಕರಿಯ. ಕೆಂಪು ಬಣ್ಣ ಬಳಿದವನು ಕೆಂದ. ಮಚ್ಚೆ ಬಿದ್ದವನು ಮಚ್ಚ. ಸಾಬರ ಹತ್ತಿರ ತಗಡು ಸಾಲದೆ ಚಿಕ್ಕದಾಗಿ ಹುಟ್ಟಿದವನು ಗಿಡ್ಡ. "ಇವತ್ತು ಮಚ್ಚ ದುಡಿದಿದಾನೆ, ನಾಳೆ ಅವನಿಗೆ ಬಿಡುವು" ಎಂದು ಮಾವ ಹೇಳುವಾಗ, ಹೊಸಬರು ಹಿತ್ತಲಲ್ಲಿ ಕೊಟ್ಟಿಗೆ ಎಲ್ಲಿದೆ ಎಂದು ಹುಡುಕುತ್ತಿದ್ದರು. ಧೂಳು ಬೀಳದಿರಲೆಂದು ಒಂದೊಂದಕ್ಕೂ ಒಂದೊಂದು ಬಟ್ಟೆಯ ಗವಸು. ಹೊಲಿದವರು ಯಾರು ಅಂತೀರಿ? ಅತ್ತೆಯೇ! ಸೂಜಿ ದಾರ ಹಿಡಿದು, ಬೈಯುತ್ತ ಬೈಯುತ್ತ, ಅಂಚಿಗೆ ಹೂವು ಕೂಡ ಹಾಕಿದ್ದರು.

ವಾಸಸ್ಥಳ ಅಡಿಗೆಮನೆಯ ಬೀರು. ಉಪ್ಪಿನಕಾಯಿ ಜಾಡಿಗಳು ಅಲ್ಲಿಂದ ಮಂಚದ ಕೆಳಗೆ ವರ್ಗವಾಗಿದ್ದವು.

ಮಂಚೇನಹಳ್ಳಿಯ ಮದುವೆಯ ಕತೆ ಹೇಳದಿದ್ದರೆ ಮಾವನ ಪೂರ್ತಿ ಪರಿಚಯವಾಗುವುದಿಲ್ಲ. ಅವರ ದಾಯಾದಿಯೊಬ್ಬರ ಮಗಳ ಮದುವೆ, ಗಂಡಿನ ಊರಲ್ಲಿ. ಹೊರಡುವಾಗ ಮಾವನ ಕೈಯಲ್ಲಿ ಶಲ್ಯದಲ್ಲಿ ಸುತ್ತಿದ ಒಂದು ಗಂಟು.

"ಏನ್ರೀ ಅದು?"

"ಗಿಡ್ಡ."

"ರೈಲು ಮನೇಲಿದೆ. ಗಿಡ್ಡ ಯಾಕೆ ಮದುವೆಗೆ?"

"ನಾವಿಲ್ಲದಾಗ ಮನೆಗೆ ಬೆಂಕಿ ಗಿಂಕಿ ಬಿದ್ರೆ ಒಂದಾದ್ರೂ ಉಳೀಲಿ ಅಂತ."

ಮನೆ ಸುಟ್ಟ ಮೇಲೆ, ರೈಲೂ ಸುಟ್ಟ ಮೇಲೆ, ಉಳಿದ ಕಂಟ್ರೋಲಿನಿಂದ ಏನನ್ನು ನಿಲ್ಲಿಸುತ್ತಾರೆ? ಕೇಳಬೇಡಿ. ನಾನೂ ಕೇಳಲಿಲ್ಲ. ಛತ್ರದಲ್ಲಿ ಮಾವ ಕೈಕಾಲು ತೊಳೆಯಲು ಹೋಗುವಾಗ ಗಂಟನ್ನು ಒಂದು ಭದ್ರವಾದ ಮೂಲೆಯಲ್ಲಿ ಇಟ್ಟರು. ಆ ಮೂಲೆಯಲ್ಲೇ ಉಡುಗೊರೆಗಳನ್ನು ಪೇರಿಸುತ್ತಿದ್ದರು! ಊಟಕ್ಕೆ ಮೊದಲು ಮುಯ್ಯಿ ಕೂಗುವವರು ಒಂದೊಂದನ್ನೇ ಎತ್ತಿ ಹಿಡಿದು ಕೂಗುತ್ತ ಬಂದರು. ಕೊಡಪಾನ ಆಯಿತು, ಸೀರೆ ಆಯಿತು, ಆಮೇಲೆ ಎಲ್ಲರಿಗೂ ಗುರುತಿದ್ದ ಮಾವನ ಶಲ್ಯ ಬಿಚ್ಚಿದರು.

"ಶಿಡ್ಲಘಟ್ಟದ ಚಿಕ್ಕಪ್ಪನೋರಿಂದ, ಗಂಡಿಗೆ, ಒಂದು ರೇಡಿಯಾ!"

ಛತ್ರಕ್ಕೆ ಛತ್ರವೇ ತಿರುಗಿ ಮಾವನನ್ನು ನೋಡಿತು. ಆ ಕಾಲಕ್ಕೆ ರೇಡಿಯೋ ಕೊಡುವ ಚಿಕ್ಕಪ್ಪ ಎಲ್ಲಿದ್ದರು? ಹುಡುಗಿಯ ತಂದೆ ಬಂದು ಕಣ್ಣಲ್ಲಿ ನೀರು ತುಂಬಿಕೊಂಡು ಮಾವನ ಕೈ ಹಿಡಿದುಕೊಂಡರು. ಹಸೆಮಣೆಯ ಮೇಲೆ ಮದುಮಗ ಗಿಡ್ಡನನ್ನು ತೊಡೆಯ ಮೇಲಿಟ್ಟುಕೊಂಡು, ಗುಬಟು ತಿರುಗಿಸುತ್ತ, ಹಾಡು ಬರುತ್ತದೇನೋ ಎಂದು ಕಿವಿಗೊಟ್ಟು ಕೂತಿದ್ದ. "ನಮ್ಮೂರಿಗೆ ಕರೆಂಟ್ ಬರ್ಲಿ, ಆಗ ಹಾಡುತ್ತೆ ಬಿಡು" ಎಂದು ಅವನ ತಂದೆ ಸಮಾಧಾನ ಹೇಳಿದರು. ವಾಪಸು ಕೇಳುವ ಬಾಯಿ ಯಾರಿಗಿದೆ?

ಬರುವಾಗ ಬಸ್ಸಿನಲ್ಲಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಸುಸ್ತಾದರು. ಮಾವ ಕಿಟಕಿಯಾಚೆ ನೋಡುತ್ತ ಗಂಭೀರವಾಗಿ ಹೇಳಿದರು: "ಹೋಗ್ಲಿ ಬಿಡು. ಒಂದು ಮಂಚೇನಹಳ್ಳೀಲಿದ್ರೂ ಒಳ್ಳೇದೇ."

ನನ್ನನ್ನು ನೋಡಲು ಗೌರಿಬಿದನೂರಿನಿಂದ ಗಂಡಿನವರು ಬಂದ ಸಂಜೆಯೂ ನೆನಪಿದೆ. ಹುಡುಗನ ತಂದೆ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಚಾಪೆಯ ಮೇಲೆ ಕೂತು, "ಹುಡುಗಿ ಕಾಫಿ ತರಲಿ" ಅಂದರು.

"ನಮ್ಮನೇಲಿ ಕಾಫಿ ಹುಡುಗಿ ತರಲ್ಲ ಸ್ವಾಮಿ, ರೈಲು ತರುತ್ತೆ" ಅಂದರು ಮಾವ.

ನಮ್ಮ ಹಿಂದಿನ ಬೀದಿಯಲ್ಲಿ ರಾಗಿ ಗಿರಣಿಯಿತ್ತು. ಅದು ತಿರುಗುತ್ತಿರುವಷ್ಟು ಹೊತ್ತು ನಮ್ಮ ಮನೆಯ ದೀಪಕ್ಕೆ ಜ್ವರ, ರೈಲಿಗೆ ನಿಶ್ಶಕ್ತಿ. ಅತ್ತೆ ಒಳಗಿನಿಂದ ಲೋಟಗಳನ್ನು ಡಬ್ಬಿಯ ಮೇಲಿಟ್ಟು ಕಳಿಸಿದರು. ರೈಲು ಬಸುರಿಯಂತೆ ನಿಧಾನವಾಗಿ ಸುರಂಗದಿಂದ ಹೊರಬಂತು. ಬೀಗರಾಗಬೇಕಾದವರು ಸಂತೋಷದಿಂದ ಮುಂದಕ್ಕೆ ಬಗ್ಗಿದರು. ಅದೇ ಗಳಿಗೆಗೆ ಗಿರಣಿಯವನು ಬೆಲ್ಟು ಇಳಿಸಿದ! ಜ್ವರ ಬಿಟ್ಟ ದೀಪ ಝಗ್ಗೆಂದಿತು, ರೈಲು ಕುದುರೆಯಾಯಿತು, ತಿರುವಿನಲ್ಲಿ ಎರಡು ಲೋಟ ಕಾಫಿ ಹಳಿ ಬಿಟ್ಟು ನೇರವಾಗಿ ಬಿಳಿ ಪಂಚೆಗೆ.

ಎದ್ದು ಕುಣಿಯುತ್ತಿದ್ದ ಆ ಹಿರಿಯರಿಗೆ ಮಾವ ಹೇಳಿದ ಸಮಾಧಾನದ ಮಾತು ಇಷ್ಟು: "ಗಾಬರಿಯಾಗ್ಬೇಡಿ ಸ್ವಾಮಿ, ಕಂಟ್ರೋಲ್ ಏನೂ ಕೆಟ್ಟಿಲ್ಲ. ಗಿರಣಿ ನಿಂತಿತು, ಅಷ್ಟೇ!"

ಸಂಬಂಧ ಅಲ್ಲಿಗೇ ನಿಂತಿತು. "ಒಂದು ಲೋಟ ಕಾಫಿಗೆ ಇಷ್ಟು ಕೂಗಾಡೋರ ಮನೆ ನಮ್ಮ ಹುಡುಗಿಗೆ ಬೇಡ" ಎಂದು ಮಾವ ತೀರ್ಪು ಕೊಟ್ಟರು. ಒಳಗೊಳಗೇ ನನಗೂ ಬೇಡವಾಗಿತ್ತು ಎನ್ನುವುದು ಬೇರೆ ಮಾತು.

ಇಷ್ಟೆಲ್ಲ ಆದರೂ ಮಾವನ ಮನಸ್ಸಿನಲ್ಲಿ ಒಂದು ಕೊರಗಿತ್ತು. ಏನೆಂದರೆ, ಇಷ್ಟು ವರ್ಷಗಳಲ್ಲಿ ಒಂದು ಕಂಟ್ರೋಲೂ ಕೆಟ್ಟಿರಲಿಲ್ಲ! ಕೆಡದಿದ್ದರೆ ಜೊತೆಗಿಟ್ಟವಕ್ಕೆ ಏನು ಮರ್ಯಾದೆ? ಬೀದಿಯವರು ಸಿಕ್ಕಾಗಲೆಲ್ಲ, "ಏನು ಸ್ವಾಮಿ, ಯಾವುದಾದ್ರೂ ಕೆಡ್ತಾ?" ಎಂದು ಆರೋಗ್ಯ ವಿಚಾರಿಸಿದಂತೆ ಕೇಳುವರು. "ಇನ್ನೂ ಇಲ್ಲಪ್ಪ" ಎಂದು ಮಾವ ತಲೆ ತಗ್ಗಿಸುವರು.

ಆಯುಧಪೂಜೆ ಬಂತು.

ನಮ್ಮ ಕಡೆ ಆ ದಿನ ದುಡಿಯುವ ಸಾಮಾನಿಗೆಲ್ಲ ಪೂಜೆ. ತೊಳೆದು, ಅರಿಶಿನ ಕುಂಕುಮವಿಟ್ಟು, ಹೂವು ಮುಡಿಸಿ, ಕಾಯಿ ಒಡೆದು, ಆಮೇಲೆ ಶಾಸ್ತ್ರಕ್ಕೆ ಒಂದು ಸಲವಾದರೂ ಅದರಿಂದ ಕೆಲಸ ಮಾಡಿಸಬೇಕು. ಬಸ್ಸು ಲಾರಿಗಳಾದರೆ ನಿಂಬೆಹಣ್ಣಿನ ಮೇಲೆ ಹತ್ತಿಸುತ್ತಾರೆ. ಮಾವ ನಡುಮನೆಯಲ್ಲಿ ಬಾಳೆಕಂದು ಕಟ್ಟಿ, ಮನೆಯಲ್ಲಿ ಉಳಿದಿದ್ದ ಐದೂ ಪೆಟ್ಟಿಗೆಗಳನ್ನು ಗವಸು ತೆಗೆದು ಸಾಲಾಗಿ ಕೂರಿಸಿದರು. ಒದ್ದೆ ಬಟ್ಟೆಯಿಂದ ಮೈ ಒರೆಸಿದರು. ಅರಿಶಿನ, ಕುಂಕುಮ, ಅಕ್ಷತೆ ಎಲ್ಲ ಧಾರಾಳವಾಗಿ ಬಿದ್ದವು. ತೀರ್ಥ ಪ್ರೋಕ್ಷಿಸಿದರು. ಎರಡು ಕೈಯಲ್ಲಿ ತೆಂಗಿನಕಾಯಿ ಹಿಡಿದು, ಒಡೆದ ನೀರನ್ನು ಒಬ್ಬನಿಗೆ ಹೆಚ್ಚು ಒಬ್ಬನಿಗೆ ಕಮ್ಮಿ ಆಗದಂತೆ ಐವರಿಗೂ ಸಮನಾಗಿ ಎರೆದರು. ಎತ್ತುಗಳಿಗೆ ಭೇದ ಮಾಡುವುದುಂಟೇ? ಆಮೇಲೆ ಶಲ್ಯದಿಂದ ಮೈ ಒರೆಸಿದರು. ಹೊರಮೈ ಫಳಫಳ ಹೊಳೆಯಿತು. ತೂತುಗಳ ಮೂಲಕ ಒಳಕ್ಕೆ ಇಳಿದ ನೀರನ್ನು ಒರೆಸುವವರು ಯಾರು? ಇವೆಲ್ಲ ನನಗೆ ಆಮೇಲೆ ತಿಳಿದದ್ದು. ಪೂಜೆ ನಡೆಯುವಾಗ ನಾನು ಬೀದಿಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದೆ. ಒಳಗೆ ಬರುವಷ್ಟರಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಸೇರಿದ್ದರು. ನೆಲ ಒದ್ದೆಯಾಗಿತ್ತು. ಹಳಿಯ ಮೇಲೆ ನಿಂಬೆಹಣ್ಣಿನ ಹೋಳುಗಳು ಕೂತಿದ್ದವು.

ಮಾವ ಕರಿಯನ ತಂತಿ ಸಿಕ್ಕಿಸಿ, ಗುಬಟು ತಿರುಗಿಸಿದರು. ರೈಲು ಅಲ್ಲಾಡಲಿಲ್ಲ. ಇನ್ನಷ್ಟು ತಿರುಗಿಸಿದರು. ಇಲ್ಲ. ಪೂರ್ತಿ ತಿರುಗಿಸಿದರು. ಊಹೂಂ.

ಮಾವನ ಮುಖ ನೋಡಬೇಕಿತ್ತು! ಮಗಳ ಮದುವೆಯ ದಿನ ಕೂಡ ಆ ಮುಖ ಅಷ್ಟು ಅರಳಿರಲಿಲ್ಲವಂತೆ.

"ಕೆಟ್ಟಿತು!" ಎಂದು ಕೂಗಿದರು. "ನೋಡಿದ್ರಾ? ಕೆಟ್ಟಿತು! ಈಗ ಗೊತ್ತಾಯ್ತೇನ್ರಪ್ಪ, ಯಾಕೆ ಇಟ್ಕೊಂಡಿದೀನಿ ಅಂತ? ಬಾರೋ ಕೆಂದ, ನಿನ್ನ ಕಾಲ ಬಂತು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಕರಿಯ ಇಳಿದ, ಕೆಂದ ಏರಿದ. ಈ ಸಲ ಪೆಟ್ಟಿಗೆಯೊಳಗಿಂದ ಜೀರುಂಡೆಯಂಥ ಸದ್ದು ಬಂತು. ಇಂಜಿನ್ನು ಒಮ್ಮೆ ನೆಗೆದು, ನಿಂಬೆಹೋಳಿಗೆ ಮುಖ ಕೊಟ್ಟು ನಿಂತುಬಿಟ್ಟಿತು. "ಹತ್ತೋ ಮಗನೇ" ಎನ್ನುತ್ತ ಮಾವ ಬರಿಗಾಲಲ್ಲಿ ಕುಕ್ಕರಿಸಿ ಕೂತು, ಹಿಂದಿನಿಂದ ತಳ್ಳಲು ಕೈಯಿಟ್ಟರು.

ಹುಲಿ ಹುಲಿಯಾಗಿಯೇ ಹೊರಗೆ ಬಂದಿತ್ತು.

ಮಾವನ ಬೆರಳುಗಳು ಇಂಜಿನ್ನನ್ನು ಗಬಕ್ಕನೆ ಹಿಡಿದುಕೊಂಡವು. ಮೈ ಗಡಗಡ ಅದುರತೊಡಗಿತು. ಗಂಟಲಿನಿಂದ ಕಡಿದು ಕಡಿದು ಹ್ಹ, ಹ್ಹ, ಹ್ಹ ಎಂದು ಸದ್ದು. ಹಬ್ಬ ಹರಿದಿನಗಳಲ್ಲಿ ಮಾವ ಭುಜ ಕುಣಿಸಿ ರೈಲಿನ ಸದ್ದು ಮಾಡಿ ನಗಿಸುವುದು ಬೀದಿಗೆಲ್ಲ ಗೊತ್ತಿತ್ತು. ಸೇರಿದವರು ಗೊಳ್ಳೆಂದು ನಕ್ಕರು. "ಹೊರಟಿತು ಹೊರಟಿತು!" ಎಂದು ಯಾರೋ ಕೂಗಿದರು. ನನಗೂ ನಗು ಬಂದು ತುಟಿಯವರೆಗೆ ಏರಿತ್ತು. ಆಮೇಲೆ ಆ ಜೀರುಂಡೆಯ ಸದ್ದು ಕಿವಿಗೆ ಬಿತ್ತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನಾನು ಓದಿದ ಪಾಠಗಳೆಲ್ಲ ತಲೆಯೊಳಗೆ ಒಂದೇ ಸಲ ಎದ್ದು ನಿಂತವು. ಕಾಲು ಮಾತ್ರ ಏಳಲಿಲ್ಲ.

ಆಗಲೇ ಅತ್ತೆ ಕೋಸಂಬರಿ ತುಂಬಿದ ಹಿತ್ತಾಳೆ ತಟ್ಟೆ ಹಿಡಿದು ಅಡಿಗೆಮನೆಯಿಂದ ಬಂದರು. ಅವರು ನಗಲಿಲ್ಲ. ಮಾವನ ಕಣ್ಣು ನೋಡಿದರು, ತಟ್ಟೆ ಬಿಸಾಕಿದರು, ಓಡಿದರು. ಕೈ ಒದ್ದೆ, ಕಾಲು ಒದ್ದೆ. ಒಂದು ಸಲ ಮುಟ್ಟಿದರೆ ಇಬ್ಬರೂ ಅಂಟಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ನನ್ನ ಕಾಲಿಗೆ ಜೀವ ಬಂತು. ಅಡ್ಡ ಹೋಗಿ ಅತ್ತೆಯ ಸೊಂಟ ತಬ್ಬಿ ಹಿಡಿದುಕೊಂಡೆ.

"ಮುಟ್ಟಬೇಡಿ ಅತ್ತೆ! ಕರೆಂಟು!"

"ನನ್ನು ವದಲವೇ! ಬಿಡೇ! ಬಿಡೇ ನನ್ನ!" ಅತ್ತೆ ನನ್ನ ಬೆನ್ನಿಗೆ ಗುದ್ದಿದರು, ಕೂದಲು ಹಿಡಿದು ಎಳೆದರು. ನನಗಿಂತ ಅವರಿಗೆ ಬಲ ಹೆಚ್ಚು. ಇನ್ನೊಂದು ಉಸಿರು ಬಿಡುವಷ್ಟರಲ್ಲಿ ಕೈತಪ್ಪಿ ಹೋಗುತ್ತಿದ್ದರು.

"ಮರದ್ದು! ಮರದ್ದು ತಗೊಳ್ಳಿ! ಮಣೆ!" ಎಂದು ಚೀರಿ, ಅವರನ್ನು ಆ ಕಡೆಗೆ ತಿರುಗಿಸಿ ಬಿಟ್ಟೆ.

ಪೂಜೆಗೆ ಕೂತಿದ್ದ ಮಣೆ ಗೋಡೆಗೆ ಒರಗಿತ್ತು. ಒಣಗಿದ ಹಲಸಿನ ಮರದ್ದು. ಅದನ್ನು ಎರಡು ಕೈಯಲ್ಲೆತ್ತಿ, ಅದುವರೆಗೆ ಗಂಡನ ಎದುರು ನಿಂತು ದನಿ ಏರಿಸಿದ್ದು ಬಿಟ್ಟರೆ ಬೇರೇನೂ ಮಾಡದಿದ್ದ ನನ್ನ ಅತ್ತೆ, ಮಾವನ ಮಣಿಕಟ್ಟಿಗೆ ಬೀಸಿ ಹೊಡೆದರು. ಒಂದು. ಕೈ ಬಿಡಲಿಲ್ಲ. ಇನ್ನೊಂದು. ಇಂಜಿನ್ನು ಹಾರಿ ಹೋಗಿ ಬಾಳೆಕಂದಿಗೆ ಬಡಿಯಿತು. ಮಾವ ಹಿಂದಕ್ಕೆ ಉರುಳಿದರು. ನಾನು ಹೋಗಿ ಮೇನ್ ಸ್ವಿಚ್ಚು ಎಳೆದೆ.

ಅತ್ತೆ ಮಾವನ ಎದೆಯ ಮೇಲೆ ಕಿವಿಯಿಟ್ಟರು. ಎಷ್ಟು ಹೊತ್ತು ಇಟ್ಟಿದ್ದರೋ ನನಗೆ ಗೊತ್ತಿಲ್ಲ. ಈಗಲೂ ಕೆಲವು ಮಧ್ಯಾಹ್ನ ನಾನು ಆ ನಡುಮನೆಯಲ್ಲೇ ನಿಂತಿರುತ್ತೇನೆ, ಅತ್ತೆ ಇನ್ನೂ ಕಿವಿ ತೆಗೆದಿರುವುದಿಲ್ಲ.

ಕೊನೆಗೆ ಮಾವನ ತುಟಿ ಅಲುಗಿತು.

"ನಿಂತಿತಾ?"

"ಏನು?"

"ರೈಲು. ನಿಂತಿತಾ?"

"ನಿಮ್ಮ ರೈಲಿಗೆ ಬೆಂಕಿ ಬೀಳ!" ಎಂದು ಅತ್ತೆ ಅವರ ಭುಜಕ್ಕೆ ದಬದಬ ಗುದ್ದಿದರು. ಗುದ್ದುತ್ತ ಗುದ್ದುತ್ತ ಅಲ್ಲೇ ಕುಸಿದು ಅತ್ತರು.

ಡಾಕ್ಟರು ಬಂದರು. ಎದೆ ಸರಿಯಿದೆ ಅಂದರು. ಸುಟ್ಟ ಬೆರಳುಗಳಿಗೆ ಮುಲಾಮು ಹಚ್ಚಿ, ಬಲಗೈಯನ್ನು ಮೊಣಕೈಯವರೆಗೆ ಬಟ್ಟೆಯಲ್ಲಿ ಸುತ್ತಿದರು. "ಬೆರಳು ಸರಿ, ಕರೆಂಟು. ಮಣಿಕಟ್ಟು ಯಾಕೆ ಇಷ್ಟು ಊದಿದೆ?" ಎಂದು ಕೇಳಿದ್ದಕ್ಕೆ ಮಾವ, "ಅದು ನಮ್ಮನೆಯವಳ ಕರೆಂಟು ಡಾಕ್ಟ್ರೇ. ಇದಕ್ಕಿಂತ ಅದೇ ಜೋರು" ಅಂದರು.

ಮರುದಿನ ಪೆಟ್ಟಿಗೆಗಳನ್ನು ನಾನೇ ಬಿಚ್ಚಿ ನೋಡಿದೆ. ಕರಿಯನ ಹೊಟ್ಟೆಯಲ್ಲಿ ಕಾಯಿನೀರಿನ ಜಿಗುಟು, ಕುಂಕುಮದ ಕೆಸರು, ಅಕ್ಷತೆ. ಕೆಂದನ ಹೊಟ್ಟೆಯಲ್ಲೂ ಅದೇ. ಅಲ್ಲಿ ಹುಲಿಯ ತಂತಿಗೂ ಬೆಕ್ಕಿನ ತಂತಿಗೂ ನೀರೇ ಸೇತುವೆ ಕಟ್ಟಿತ್ತು. ಮಚ್ಚ ಮತ್ತು ಉಳಿದಿಬ್ಬರಿಗೂ ಅದೇ ಪ್ರಸಾದ! ಒಂದು ಕೆಟ್ಟರೆ ಇರಲಿ ಎಂದು ಇನ್ನೊಂದು, ಅದಕ್ಕಿರಲಿ ಎಂದು ಮತ್ತೊಂದು ಕಟ್ಟಿಸಿ, ಎಲ್ಲವನ್ನೂ ಒಂದೇ ಸಾಲಲ್ಲಿ ಕೂರಿಸಿ ಒಂದೇ ಕಾಯಿಯ ನೀರು ಕುಡಿಸಿದ್ದರು. ಇಡೀ ಬಳಗದಲ್ಲಿ ಒಣಗಿ ಬದುಕಿದವನು ಮಂಚೇನಹಳ್ಳಿಯ ರೇಡಿಯೋ ಒಬ್ಬನೇ.

ಇದನ್ನು ಮಾವನಿಗೆ ಹೇಳಿ ನಗಿಸೋಣವೆಂದು ಒಂದು ಮಧ್ಯಾಹ್ನ ಸ್ಕೂಲಿನಿಂದ ಬೇಗ ಬಂದೆ. ಬಲಗೈ ಬಳಸುವ ಹಾಗಿರಲಿಲ್ಲವಾದ್ದರಿಂದ ಅತ್ತೆ ಅವರನ್ನು ಕೂರಿಸಿಕೊಂಡು ಮೊಸರನ್ನ ತಿನ್ನಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಇಬ್ಬರೂ ನನ್ನನ್ನು ನೋಡಲಿಲ್ಲ.

"ಆ ಪೆಟ್ಟಿಗೆಗಳನ್ನ ಅಟ್ಟಕ್ಕೆ ಹಾಕ್ಲಾ, ಬಾವಿಗೆ ಹಾಕ್ಲಾ? ಹೇಳಿಬಿಡಿ" ಅಂದರು ಅತ್ತೆ.



"ಅವತ್ತು ನಂಗೆ ಎಲ್ಲಾ ಕಾಣ್ತಿತ್ತು ಕಣೇ" ಅಂದರು ಮಾವ.

"ಏನು ಕಾಣ್ತಿತ್ತು? ಯಮನಾ?"

"ನೀನು. ತಟ್ಟೆ ಬಿಸಾಕಿ ನನ್ನ ಕಡೆಗೆ ಓಡಿ ಬರ್ತಿದ್ದೆ. ಬರಬೇಡ, ನಿಲ್ಲು, ನಿಲ್ಲು ಅಂತ ಒಳಗೇ ಕೂಗ್ಕೋತಿದ್ದೆ. ಬಾಯಿ ಬರ್ಲಿಲ್ಲ." ಮಾವ ಬಟ್ಟೆ ಸುತ್ತಿದ ಕೈಯನ್ನು ನೋಡಿಕೊಂಡರು. "ಅಷ್ಟೊಂದು ಮಾಡಿಸಿಟ್ಕೊಂಡಿದ್ದೆ. ನಿನ್ನ ನಿಲ್ಸಕ್ಕೆ ನನ್ನ ಹತ್ರ ಏನೂ ಇರ್ಲಿಲ್ಲ."

ಅತ್ತೆ ತುತ್ತು ಕಲಸುತ್ತಲೇ ಇದ್ದರು. ಕಲಸುವುದು ಮುಗಿಯಲೇ ಇಲ್ಲ.

"ಇದ್ದಿದ್ರೆ ನಾನು ನಿಂತ್ಕೋತಿದ್ನೇ?" ಅಂದರು. "ಸುಮ್ನೆ ಬಾಯಿ ತೆಗೀರಿ."

ಮಾವ ಬಾಯಿ ತೆಗೆದರು. ತುತ್ತು ಹಿಡಿದ ಅತ್ತೆಯ ಕೈ ನಡುಗುತ್ತಿತ್ತು. ಮಾವ ಎಡಗೈಯಿಂದ ಆ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಅಲುಗದಂತೆ ಮಾಡಿಕೊಂಡು, ಉಂಡರು.